ಹಸಿರಾಯ್ತು, ಸರಿ

(ಪೀಣ್ಯದ ಒಂದು ಚಿಕ್ಕ ಶೆಡ್. ಭಾನುವಾರವಾದ್ದರಿಂದ ಮಿಷನ್‌ಗಳು ನಿಂತಿವೆ. ಮಾವ ವಯಸ್ಸೆಲ್ಲ ಜಿಗ್, ಫಿಕ್ಸ್‌ಚರ್ ಮಾಡಿ ಸವೆಸಿದವರು. ಅಕ್ಕನ ಮಗಳು ಸುಮಾ ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಳೆ. ಲ್ಯಾಪ್‌ಟಾಪಿನಲ್ಲಿ ಫ್ರೀಕ್ಯಾಡ್ ಎಂಬ ಡಿಸೈನ್ ಸಾಫ್ಟ್‌ವೇರ್ ತೆರೆದಿದೆ.)

ಸುಮಾ: ಮಾವ, ಬನ್ನಿ ಇಲ್ಲಿ. ಪೂರ್ತಿ ಹಸಿರಾಯ್ತು!

ಮಾವ: ಹಸಿರಾದ್ರೆ ಏನಮ್ಮ ಅರ್ಥ?

ಸುಮಾ: ಸ್ಕೆಚ್ ಫುಲ್ಲಿ ಕನ್‌ಸ್ಟ್ರೇನ್ಡ್ ಆಯ್ತು ಅಂತ. ಇನ್ನು ಯಾವ ಗೆರೆಯನ್ನ ಎಳೆದ್ರೂ ಅಲ್ಲಾಡಲ್ಲ. ಬಿಳಿ ಇದ್ರೆ ಎಲ್ಲೋ ಸಡಿಲ ಇದೆ ಅಂತ.

ಮಾವ: ನಮ್ಮ ಗಿರಾಕಿಯ ಪ್ಲೇಟು ತಾನೆ? 80 ಉದ್ದ, 50 ಅಗಲ, ನಡುವೆ 12ರ ಹೋಲು. ಸರಿ. ಈಗ ಆ 80ನ್ನ 100 ಮಾಡು, ನೋಡೋಣ.

ಸುಮಾ: ಅದು... 80 ಅಂತ ಎಲ್ಲೂ ಇಲ್ಲ ಮಾವ. ಅಂದಾಜಲ್ಲಿ ಬರೆದೆ, ಎಲ್ಲಾ ಸೆಲೆಕ್ಟ್ ಮಾಡಿ ಬ್ಲಾಕ್ ಕೊಟ್ಟೆ. ಒಂದೇ ಏಟಿಗೆ ಹಸಿರಾಯ್ತು.

ಮಾವ: ಮೊಳೆ ಹೊಡೆದುಬಿಟ್ಟಿದ್ದೀಯ ಅನ್ನು. ಅಲ್ಲಾಡಲ್ಲ, ನಿಜ. ಹೆಣಾನೂ ಅಲ್ಲಾಡಲ್ಲ.

ಸುಮಾ: ಬಿಡ್ತು ಅನ್ನಿ ಮಾವ! ಅಳಿಸ್ತೀನಿ. ಮೊದಲಿಂದ ಮಾಡ್ತೀನಿ, ನೀವೂ ನನ್ನ ಜೊತೆ ಲೆಕ್ಕ ಹಿಡೀರಿ. ಒಂದು ಗೆರೆಗೆ ಎಷ್ಟು ಸ್ವಾತಂತ್ರ್ಯ ಹೇಳಿ?

ಮಾವ: ನಮ್ಮ ಕಡೆ ಒಂದು ಜಾಬಿಗೆ ಆರು. ಮೂರು ದಿಕ್ಕಿಗೆ ಸರಿಯೋದು, ಮೂರು ದಿಕ್ಕಿಗೆ ತಿರುಗೋದು. ಅದಕ್ಕೇ ಫಿಕ್ಸ್‌ಚರಲ್ಲಿ ತಳಕ್ಕೆ ಮೂರು ಪಿನ್ನು, ಪಕ್ಕಕ್ಕೆ ಎರಡು, ತುದಿಗೆ ಒಂದು. ಆಮೇಲೇನಿದ್ರೂ ಕ್ಲ್ಯಾಂಪು.

ಸುಮಾ: ಅದು ಗಟ್ಟಿ ಜಾಬಿಗೆ, ಅದರ ಆಕಾರ ಆಗಲೇ ಆಗಿಹೋಗಿದೆ. ಇಲ್ಲಿ ಆಕಾರವೇ ಇನ್ನೂ ತೀರ್ಮಾನ ಆಗಿಲ್ಲ. ಒಂದು ಗೆರೆಗೆ ಎರಡು ತುದಿ, ಒಂದೊಂದು ತುದಿಗೂ ಎರಡು ದಿಕ್ಕು. ಒಟ್ಟು ನಾಲ್ಕು. ನಾಲ್ಕು ಗೆರೆಗೆ 16. ವೃತ್ತದ ಕೇಂದ್ರಕ್ಕೆ ಎರಡು, ತ್ರಿಜ್ಯಕ್ಕೆ ಒಂದು, ಮೂರಾಯ್ತು. ಎಲ್ಲಾ ಸೇರಿ 19.

ಮಾವ: ಅಯ್ಯಪ್ಪಾ! ಒಂದು ಪ್ಲೇಟಿಗೆ ಹತ್ತೊಂಬತ್ತು ದಾರಿಯಲ್ಲಿ ಕೆಡೋ ಅವಕಾಶ.

ಸುಮಾ: ನಾಲ್ಕೂ ಮೂಲೆ ಕೂಡಿಸಿದೆ, ಮೂಲೆಗೆ ಎರಡರಂತೆ ಎಂಟು ಹೋಯ್ತು. ಉಳಿದಿದ್ದು 11. ಎರಡು ಗೆರೆ ಮಲಗಿಸಿದೆ, ಎರಡು ಗೆರೆ ನಿಲ್ಲಿಸಿದೆ, 7. ಉದ್ದ 80, ಅಗಲ 50, ಎಡಗಡೆ ಕೆಳಗಿನ ಮೂಲೆ ಸೊನ್ನೆಗೆ. 3 ಉಳೀತು. ಹೋಲಿನ ವ್ಯಾಸ 12, ಎಡ ಅಂಚಿಂದ 40, ಕೆಳಗಿನ ಅಂಚಿಂದ 25. ಸೊನ್ನೆ!

ಮಾವ: ಇದು ಮೊಳೆಯಲ್ಲ. ಒಂದೊಂದೂ ಒಂದೊಂದು ಮಾತು. ‘ಈ ಗೆರೆ ಮಲಗಿರ್ಲಿ’, ‘ಇವೆರಡು ಮುಟ್ಟಿಕೊಂಡಿರ್ಲಿ’ ಅಂತ. ಕಾಗದದ ಮೇಲೆ ನಾವು ಟೀ ಸ್ಕ್ವೇರು ಹಿಡಿದು ಎಳೆದಾಗ ಗೆರೆ ನೆಟ್ಟಗಿರ್ತಿತ್ತು, ಆದ್ರೆ ತಾನು ಯಾಕೆ ನೆಟ್ಟಗಿದೀನಿ ಅಂತ ಅದಕ್ಕೆ ಗೊತ್ತಿರ್ತಿರಲಿಲ್ಲ. ಕೈಗೆ ಗೊತ್ತಿತ್ತು, ಅಷ್ಟೆ.

ಸುಮಾ: ಇದು ಹೊಸದೇನಲ್ಲ ಮಾವ. ಐವಾನ್ ಸದರ್‌ಲ್ಯಾಂಡ್ ಅನ್ನೋರು 1963ರಲ್ಲೇ ಎಂಐಟಿಯಲ್ಲಿ ಪಿಎಚ್‌ಡಿಗೆ ಸ್ಕೆಚ್‌ಪ್ಯಾಡ್ ಅಂತ ಮಾಡಿದ್ರು. ಲೈಟ್ ಪೆನ್ನಲ್ಲಿ ಪರದೆ ಮೇಲೆ ಸೊಟ್ಟಪಟ್ಟ ಗೆರೆ ಎಳೆದು, ‘ಇವು ಸಮಾನಾಂತರ ಇರಲಿ’ ಅಂದ್ರೆ ಕಂಪ್ಯೂಟರೇ ನೆಟ್ಟಗೆ ಮಾಡಿಕೊಳ್ತಿತ್ತಂತೆ. ಆದ್ರೆ ನನಗೆ ಒಂದು ತಕರಾರಿದೆ. ಹೀಗೆ ಒಂದೊಂದೇ ಸ್ವಾತಂತ್ರ್ಯ ಕಿತ್ತುಕೊಂಡು ಸೊನ್ನೆಗೆ ತರೋದನ್ನ ಡಿಸೈನ್ ಅಂತ ಯಾಕೆ ಕರೀಬೇಕು? ಇದು ಬರೀ ಕಟ್ಟಿಹಾಕೋದಲ್ವಾ?

ಮಾವ: ನಿನ್ನ ಬಾಯಲ್ಲೇ ಬಂತು ನೋಡು. ದನ ಕಟ್ಟೋದಕ್ಕೂ ಕಟ್ಟೋದು ಅಂತೀವಿ, ಮನೆ ಕಟ್ಟೋದಕ್ಕೂ ಅದೇ ಅಂತೀವಿ. ಹೂವಿನ ದಂಡೆಗೂ ಅದೇ. ನಮ್ಮ ಭಾಷೆಗೆ ಎರಡು ಮಾತು ಬೇಕು ಅನ್ನಿಸಲೇ ಇಲ್ಲ.

ಸುಮಾ: ಭಾಷೆಗೆ ಅನ್ನಿಸದೇ ಇದ್ರೆ ದನಕ್ಕೆ ಅನ್ನಿಸಿರಬಹುದು.

ಮಾವ: (ನಗುತ್ತಾ) ಇರಬಹುದು ಕಣೆ. ಅದಕ್ಕೇ ಎಷ್ಟು ಬೇಕೋ ಅಷ್ಟು ಕಟ್ಟಬೇಕು. ನಿಮ್ಮಜ್ಜಿ ಮೂರು ಕಲ್ಲಿಟ್ಟು ಒಲೆ ಹೂಡ್ತಿದ್ರಲ್ಲ, ನೆಲ ಹ್ಯಾಗೇ ಇರಲಿ, ಪಾತ್ರೆ ಯಾವತ್ತೂ ಕುಲುಕ್ತಿರಲಿಲ್ಲ. ನಾಲ್ಕನೇ ಕಲ್ಲು ಇಟ್ಟು ನೋಡು, ಯಾವುದೋ ಒಂದು ಸುಮ್ಮನೆ ಕೂತಿರುತ್ತೆ, ಇಲ್ಲಾ ಪಾತ್ರೆ ಕುಣಿಯುತ್ತೆ. ಫಿಕ್ಸ್‌ಚರಲ್ಲಿ ಏಳನೇ ಪಿನ್ ಹಾಕಿದ ಹುಡುಗರಿಗೆ ನಾನು ಈ ಒಲೆ ಕಥೆನೇ ಹೇಳೋದು.

ಸುಮಾ: ಇಲ್ಲೂ ಅದೇ ಆಗುತ್ತೆ. ಎಡದಿಂದ 40 ಅಂತ ಕೊಟ್ಟಿದೀನಲ್ಲ, ಬಲದಿಂದಲೂ 40 ಅಂತ ಕೊಡ್ತೀನಿ, ನೋಡಿ. ತಕ್ಷಣ ಬೈತು: ರಿಡಂಡೆಂಟ್. 41 ಅಂತ ಕೊಟ್ಟಿದ್ರೆ ಕಾನ್‌ಫ್ಲಿಕ್ಟ್ ಅಂತಿತ್ತು.

ಮಾವ: 41 ಸುಳ್ಳು, ಬೈಲಿ. 40 ಸತ್ಯ ತಾನೆ? ಸತ್ಯ ಹೇಳಿದ್ರೂ ಬೈತದಾ?

ಸುಮಾ: ಇವತ್ತಿಗೆ ಸತ್ಯ. ನಾಳೆ 80 ಹೋಗಿ 100 ಆದ್ರೆ ಎರಡು ನಲವತ್ತರಲ್ಲಿ ಯಾವುದು ಮಾತು ತಪ್ಪಬೇಕು? ಅದಕ್ಕೆ ಗೊತ್ತಿಲ್ಲ, ನಾನೂ ಹೇಳಿಲ್ಲ. ಬಲಗಡೆಯ 40 ತೆಗೆದುಬಿಟ್ಟೆ.

ಮಾವ: ಓ, ಇದು ನಮಗೂ ಗೊತ್ತಿರೋದೇ. ಡ್ರಾಯಿಂಗಲ್ಲಿ ಬಿಡಿ ಅಳತೆನೂ ಕೊಟ್ಟು ಒಟ್ಟು ಅಳತೆನೂ ಕೊಡಬೇಕಾದ್ರೆ ಒಂದನ್ನ ಕಂಸದಲ್ಲಿ ಹಾಕ್ತೀವಿ. ನೋಡೋಕೆ ಮಾತ್ರ, ಅದನ್ನ ಹಿಡಿದು ಕೆಲಸ ಮಾಡಬೇಡ ಅಂತ. ಶುರುವಲ್ಲಿ ನಾನೊಂದು ಪ್ಲೇಟು ಮಾಡಿದ್ದೆ. ಸಾಲಾಗಿ ಹೋಲುಗಳು, ಅಂಚಿಂದ ಮೊದಲನೇದಕ್ಕೆ 20, ಅಲ್ಲಿಂದ ಮುಂದಿನದಕ್ಕೆ 20, ಹೀಗೆ ಸರಪಳಿ ಥರ. ಒಂದೊಂದಕ್ಕೂ 0.1 ಹೆಚ್ಚುಕಮ್ಮಿ ಇರಬಹುದು ಅಂತ. ಐದನೇ ಹೋಲಿಗೆ ಬರೋ ಹೊತ್ತಿಗೆ ಅರ್ಧ ಮಿಲಿಮೀಟರ್ ತಪ್ಪೋಕೂ ಡ್ರಾಯಿಂಗೇ ಒಪ್ಪಿಗೆ ಕೊಟ್ಟಿತ್ತು! ಎಲ್ಲ ಅಳತೆ ಸರಿ, ಬೋಲ್ಟು ಮಾತ್ರ ಕೂರಲಿಲ್ಲ. ಪಕ್ಕದವನನ್ನ ನಂಬಿ ನಿಂತರೆ ಪಕ್ಕದವನ ತಪ್ಪೂ ನಿನ್ನದೇ. ಆವತ್ತಿಂದ ಎಲ್ಲ ಹೋಲಿಗೂ ಒಂದೇ ಅಂಚಿಂದ ಅಳತೆ.

ಸುಮಾ: ಹಾಗಾದ್ರೆ ಕನ್‌ಸ್ಟ್ರೇಂಟ್ ಅಂದ್ರೆ ಕಟ್ಟೋದಕ್ಕಿಂತ ಹೆಚ್ಚಾಗಿ, ಯಾರು ಯಾರನ್ನ ನಂಬಿಕೊಂಡಿದ್ದಾರೆ ಅನ್ನೋ ಲೆಕ್ಕ.

ಮಾವ: ಅದು ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಯಾಕಂದ್ರೆ ಎಲ್ಲವನ್ನೂ ಹಿಡೀಲೇಬೇಕು ಅಂತ ಏನಿದೆ? ಲೇತಲ್ಲಿ ಗುಂಡನೆ ಜಾಬ್ ಫೇಸಿಂಗ್ ಮಾಡುವಾಗ ಅದು ತನ್ನ ಸುತ್ತ ಎಷ್ಟು ತಿರುಗಿ ಕೂತಿದೆ ಅಂತ ಯಾರೂ ಕೇಳಲ್ಲ. ಆ ಒಂದು ಸ್ವಾತಂತ್ರ್ಯಕ್ಕೆ ನಾವು ಲೊಕೇಟರ್ ಇಡೋದೇ ಇಲ್ಲ. ನೀವು ಯಾಕೆ ಸೊನ್ನೆಗೆ ಇಷ್ಟು ಹಟ ಹಿಡೀತೀರಿ?

ಸುಮಾ: ನೀವು ಬಿಟ್ಟ ಜಾಬು ಅಲ್ಲೇ ಇರುತ್ತೆ, ಮಾವ. ನಾನು ಬಿಟ್ಟಿದ್ದನ್ನ ಇಲ್ಲಿ ಲೆಕ್ಕ ಬಿಡಿಸೋ ಸಾಲ್ವರ್ ತೀರ್ಮಾನ ಮಾಡುತ್ತೆ. ಹೋಲಿನ ಎತ್ತರದ 25 ತೆಗೀತೀನಿ, ಹಿಡಿದು ಎಳೀತೀನಿ, ನೋಡಿ. ಮೇಲೆ ಕೆಳಗೆ ಓಡಾಡ್ತಿದೆ. ಇದನ್ನ ಹೀಗೇ ಬಿಟ್ಟು ಬೇರೆಲ್ಲೋ ಒಂದು ಅಳತೆ ಬದಲಾಯಿಸಿದ್ರೆ, ಲೆಕ್ಕ ಸರಿಹೋಗೋ ಯಾವುದೋ ಒಂದು ಉತ್ತರ ತಂದು ಕೂರಿಸಬಹುದು. ಅದರ ಮಟ್ಟಿಗೆ ಅದು ತಪ್ಪಲ್ಲ. ಆದ್ರೆ ಹೀಗೆ ಎಳೆದು ನೋಡೋದರಲ್ಲಿ ಒಂದು ಲಾಭ ಇದೆ: ನಾನು ಏನು ಹೇಳೋಕೆ ಮರೆತೆ ಅನ್ನೋದು ಕೈಗೇ ಸಿಗುತ್ತೆ. ಅದಕ್ಕೇ ಮೊದಮೊದಲು ಸಡಿಲವಾಗಿ ಬಿಟ್ಟು ಆಟ ಆಡೋದು ನನಗಿಷ್ಟ. ಒಂದೇ ಸಲ ಹಸಿರು ಮಾಡಿದ್ರೆ ಆ ಆಟ ತಪ್ಪಿಹೋಗುತ್ತೆ.

ಮಾವ: ನಿನ್ನ ಮೊದಲನೇ ಹಸಿರಿನ ಹಾಗೆ.

ಸುಮಾ: ಅದನ್ನ ಮತ್ತೆ ನೆನಪಿಸಬೇಡಿ. 25 ವಾಪಸ್ ಹಾಕಿದೀನಿ. ಈಗ 100 ಮಾಡ್ತೀನಿ.

ಮಾವ: ಮಾಡು.

ಸುಮಾ: ಉದ್ದ ಆಯ್ತು. ಹೋಲು 40ರಲ್ಲೇ ನಿಂತಿದೆ. ನಡುವೆ ಇಲ್ಲ ಈಗ. ಅಯ್ಯೋ, ನಡುವೆ ಅಂತ ನಾನು ಹೇಳೇ ಇರ್ಲಿಲ್ಲ! 40 ಅಂದೆ. ಎಂಬತ್ತಕ್ಕೆ ಅದೇ ನಡು ಆಗಿತ್ತು, ಅಷ್ಟೆ.

ಮಾವ: ಆದ್ರೂ ಹಸಿರು.

ಸುಮಾ: ಹಸಿರೇ. ಸರಿಮಾಡ್ತೀನಿ. 40, 25 ಎರಡನ್ನೂ ಕಿತ್ತುಹಾಕಿ, ಎದುರುಬದುರು ಮೂಲೆಗಳಿಗೆ ಹೋಲಿನ ಕೇಂದ್ರ ಸಿಮೆಟ್ರಿ ಅಂತ ಕೊಡ್ತೀನಿ. ಒಂದೇ ಮಾತು, ಎರಡು ಸ್ವಾತಂತ್ರ್ಯ ಹೋಯ್ತು. ಮತ್ತೆ ಹಸಿರು. ಈಗ 120 ಮಾಡಿದ್ರೂ ಹೋಲು 60ಕ್ಕೆ ಹೋಗುತ್ತೆ. ಮೊದಲಿಗಿಂತ ಎರಡು ಅಂಕಿ ಕಮ್ಮಿ.

ಮಾವ: ಚೆನ್ನಾಗಿದೆ. ಆದ್ರೆ ಮೊದಲಿನದು ತಪ್ಪು ಅಂತ ಯಾರು ಹೇಳಿದ್ದು?

ಸುಮಾ: ನಡುವೆ ಇರಬೇಕಾದ ಹೋಲು ನಡುವೆ ಇರ್ಲಿಲ್ವಲ್ಲ.

ಮಾವ: ಇರಬೇಕು ಅಂತ ನೀನು ಅಂದುಕೊಂಡೆ. ಈ ಪ್ಲೇಟಿನ ಎಡ ಅಂಚು ಇನ್ನೊಂದು ಭಾಗಕ್ಕೆ ಒತ್ತಿ ಕೂತು, ಅಲ್ಲಿಂದ 40ಕ್ಕೆ ಒಂದು ಪಿನ್ ಎದ್ದು ನಿಂತಿದ್ರೆ? ಆಗ ಪ್ಲೇಟು 100 ಆಗಲಿ, 120 ಆಗಲಿ, ಹೋಲು 40 ಬಿಟ್ಟು ಕದಲಬಾರದು. ನಿನ್ನ ಸಿಮೆಟ್ರಿನೇ ಜಾಬನ್ನ ಸ್ಕ್ರ್ಯಾಪಿಗೆ ಕಳಿಸುತ್ತೆ.

ಸುಮಾ: ಎರಡೂ ಹಸಿರು. ಎರಡೂ 80ಕ್ಕೆ ಒಂದೇ ಥರ ಕಾಣುತ್ತೆ. ಯಾವುದು ಸರಿ ಅನ್ನೋದು ಸ್ಕೆಚ್ ಒಳಗೆ ಇಲ್ವೇ ಇಲ್ಲ.

ಮಾವ: ರ್‍ಯಾಕಲ್ಲಿ ಸ್ಯಾಂಪಲ್ ಪ್ಲೇಟಿದೆ, ನೋಡು. ಅದು ಕೂರೋ ಜಾಗ ಏನಾದ್ರೂ ಕಳಿಸಿದ್ದಾರಾ ಅಂತ ಹುಡುಕು.

ಸುಮಾ: (ಹುಡುಕಿ) ಪ್ಲೇಟ್ ಮಾತ್ರ ಇದೆ. ಎಡ ಅಂಚಲ್ಲಿ ಉಜ್ಜಿದ ಗುರುತಿದೆ, ಹೊಳೀತಿದೆ. ಬಲಗಡೆ ಅಂಚಲ್ಲಿ ಇಲ್ಲ.

ಮಾವ: ಕೊಡು ಇಲ್ಲಿ. ...ಹ್ಞೂಂ. ಒತ್ತಿ ಕೂತಿದ್ದ ಗುರುತೂ ಇರಬಹುದು, ಯಾರೋ ಹುಡುಗ ನೆಲದ ಮೇಲೆ ಎಳೆದಿದ್ದೂ ಇರಬಹುದು. ಫೋನ್ ಮಾಡು ಗಿರಾಕಿಗೆ.

ಸುಮಾ: ಭಾನುವಾರ, ಮಾವ.

ಮಾವ: ಹಾಗಾದ್ರೆ ನಾಳೆ ಕೇಳು. ಅಲ್ಲೀತನಕ ಆ ಸಿಮೆಟ್ರಿ ತೆಗೆದು ಹೋಲನ್ನ ಬಿಳೀನೇ ಬಿಟ್ಟಿರು. ನಾಳೆ ಲ್ಯಾಪ್‌ಟಾಪ್ ತೆಗೆದ ತಕ್ಷಣ ಏನು ಕೇಳಬೇಕು ಅಂತ ಅದೇ ನೆನಪಿಸುತ್ತೆ.