ಯಾರಿಗಾಗಿ ಈ ಸಂಗ್ರಹ?

ಶಂಕರಪುರದ ಮಲ್ಲಿಗೆಗೆ ಒಂದು ದಿನದ ಆಯುಷ್ಯ. ನಸುಕಿನಲ್ಲೇ ಮೊಗ್ಗು ಕೊಯ್ಯಬೇಕು. ಬಿಸಿಲೇರುವ ಮೊದಲು ಬಾಳೆಯ ನಾರಿನಲ್ಲಿ ಕಟ್ಟಿ ಮುಗಿಸಬೇಕು. ಸುಮಾರು 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನದ ಅಟ್ಟೆಯ ದರ ಏರಲಿ, ಇಳಿಯಲಿ, ಕೊಯ್ದ ಹೂವು ಆ ದಿನವೇ ಮನೆಯಿಂದ ಹೊರಡಬೇಕು. ನಾಳೆಗೆಂದು ಕೂಡಿಟ್ಟ ಮಲ್ಲಿಗೆ ಮಲ್ಲಿಗೆಯಾಗಿ ಉಳಿಯುವುದಿಲ್ಲ. ಈ ಪಾಠವನ್ನು ನಮ್ಮೂರಿನ ಮಕ್ಕಳು ಶಾಲೆಗೆ ಸೇರುವ ಮೊದಲೇ ಮನೆಯ ಜಗಲಿಯಲ್ಲಿ ಕಲಿಯುತ್ತಾರೆ. ನಾನೂ ಕಲಿತಿದ್ದೆ. ಕಲಿತದ್ದನ್ನು ಮರೆತಿದ್ದೇನೆ ಎಂದು ತಿಳಿದದ್ದು ಮಾತ್ರ ಐವತ್ತು ದಾಟಿದ ಮೇಲೆ.

ನನಗೊಂದು ಹವ್ಯಾಸವಿದೆ. ರಾತ್ರಿ ಜಪಸರ ಪ್ರಾರ್ಥನೆ, ಊಟ ಎಲ್ಲ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಅಂತರ್ಜಾಲದಲ್ಲಿ ಅಲೆಯುವುದು. ಒಂದನ್ನು ಹುಡುಕಲು ಹೊರಟರೆ ಇನ್ನೊಂದು ಸಿಗುತ್ತದೆ. ಹಳೆಯ ನಕಾಶೆ, ಯಾವುದೋ ದೇಶದ ದೀಪಸ್ತಂಭ, ಮರೆತುಹೋದ ಅಡುಗೆ, ಜೇನುನೊಣಗಳ ಬಗ್ಗೆ ಒಂದು ಲೇಖನ. ‘ಆಹಾ, ಇದು ಇರಲಿ’ ಎಂದು ಪ್ರತಿಯೊಂದನ್ನೂ ಉಳಿಸಿಡುತ್ತೇನೆ. ವರ್ಷಗಳು ಕಳೆದಂತೆ ಅವು ಸಾವಿರಗಟ್ಟಲೆಯಾದವು. ಪ್ರಿಯ ಓದುಗರೇ, ನಿಮ್ಮಲ್ಲಿ ಅನೇಕರ ಮೊಬೈಲಿನಲ್ಲಿಯೂ ಇಂಥದ್ದೊಂದು ಕಣಜ ಇದ್ದೀತು.

ನಮ್ಮ ನೆರೆಯಲ್ಲಿ ಒಬ್ಬ ಹಿರಿಯರಿದ್ದರು. ರಕ್ತಸಂಬಂಧವಿಲ್ಲದಿದ್ದರೂ ನಾವೆಲ್ಲ ಅವರನ್ನು ಬಾಪ್ಪು ಎಂದೇ ಕರೆಯುತ್ತಿದ್ದೆವು. ಎಪ್ಪತ್ತರ ದಶಕದಲ್ಲಿ ಮುಂಬಯಿಯಿಂದ ಹಡಗು ಹತ್ತಿ ಗಲ್ಫ್‌ಗೆ ದುಡಿಯಲು ಹೋದವರು. ಆ ಹಡಗಿನ ಹೆಸರು ‘ದ್ವಾರಕಾ’. 1947ರಲ್ಲಿ ಕಟ್ಟಿದ ಆ ಹಡಗು ನಮ್ಮ ನಾಡಿನ ಎಷ್ಟೋ ಮಂದಿಯನ್ನು ಗಲ್ಫ್‌ನ ಬಂದರುಗಳಿಗೆ ಮುಟ್ಟಿಸಿ 1982ರಲ್ಲಿ ಸೇವೆ ನಿಲ್ಲಿಸಿತು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದ್ದು, ಮೊದಲ ರಾತ್ರಿ ಯಾರಿಗೂ ಕಾಣದಂತೆ ಅತ್ತದ್ದು, ಇವನ್ನೆಲ್ಲ ಬಾಪ್ಪು ಹೇಳುತ್ತಲೇ ಇದ್ದರು. ಕೊನೆಗೆ ಒಂದೇ ಮಾತು: “ಆ ಹಡಗನ್ನು ಇನ್ನೊಂದು ಸಲ ನೋಡಬೇಕಿತ್ತು.”

ಒಂದು ರಾತ್ರಿ ಬೇರೇನನ್ನೋ ಹುಡುಕುತ್ತಿದ್ದಾಗ ‘ದ್ವಾರಕಾ’ ಹಡಗಿನ ಚಿತ್ರ ಸಿಕ್ಕಿತು. ಸ್ಪಷ್ಟವಾದ ಚಿತ್ರ. ನನಗಾದ ಆನಂದ ಅಷ್ಟಿಷ್ಟಲ್ಲ. ಭಾನುವಾರ ಬಲಿಪೂಜೆ ಮುಗಿದ ಮೇಲೆ ತೋರಿಸೋಣ ಎಂದುಕೊಂಡು ಉಳಿಸಿಟ್ಟೆ. ಭಾನುವಾರದ ಹೊತ್ತಿಗೆ ಅದರ ಮೇಲೆ ಇನ್ನೂ ಹಲವು ಹೊಸ ಸಂಗತಿಗಳು ಬಂದು ಬಿದ್ದಿದ್ದವು. ಮರೆತೆ. ಎರಡು ತಿಂಗಳ ನಂತರ ಬಾಪ್ಪು ತೀರಿಕೊಂಡರು. ಅವರ ಮನೆಯಿಂದ ನನ್ನ ಕಂಪ್ಯೂಟರಿಗೆ ನೂರು ಹೆಜ್ಜೆಯೂ ಇರಲಿಲ್ಲ.

ಮರುದಿನ ಬೆಳಗ್ಗೆ ಹೂ ಕಟ್ಟುತ್ತಿದ್ದ ಅಮ್ಮನ ಬಳಿ ಕುಳಿತು ಇದನ್ನು ಹೇಳಿಕೊಂಡೆ. ಅಮ್ಮ ಗದರಲಿಲ್ಲ. ಕೈಯ ನಾರನ್ನು ಬಿಡದೆ ಕೇಳಿದರು: “ಅಷ್ಟೆಲ್ಲ ಕೊಯ್ದು ಇಡುತ್ತೀಯಲ್ಲ ಮಗಾ, ಯಾರಿಗೆ?”

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹೊಸತನ್ನು ಕಂಡು ಸಂತೋಷಪಡುವುದು ತಪ್ಪೇ? ಕಂಡದ್ದನ್ನು ಕೂಡಿಡುವುದು ಲೋಭವೇ?

ಸಂತ ಅಗಸ್ಟೀನರು ಈ ವಿಷಯದಲ್ಲಿ ನಿಷ್ಠುರರು. ತಮ್ಮ ‘ಕನ್ಫೆಶನ್ಸ್’ ಗ್ರಂಥದ ಹತ್ತನೆಯ ಭಾಗದಲ್ಲಿ ಅವರು ಕುತೂಹಲದ ಚಪಲವನ್ನು ಕಣ್ಣಿನ ಆಸೆಗೆ ಸೇರಿಸುತ್ತಾರೆ. ದಾರಿಯಲ್ಲಿ ಹೋಗುವಾಗ ನಾಯಿ ಮೊಲವನ್ನು ಅಟ್ಟಿಸಿಕೊಂಡು ಹೋದರೆ ತನ್ನ ಮನಸ್ಸು ಗಂಭೀರ ಚಿಂತನೆ ಬಿಟ್ಟು ಅದರ ಹಿಂದೆ ಓಡುತ್ತದೆ, ಮನೆಯಲ್ಲಿ ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತ ಕುಳಿತುಬಿಡುತ್ತೇನೆ ಎಂದು ಒಪ್ಪಿಕೊಳ್ಳುತ್ತಾರೆ. ಒಂದು ಸಾವಿರದ ಆರುನೂರು ವರ್ಷಗಳ ಹಿಂದಿನ ಧರ್ಮಾಧ್ಯಕ್ಷರೊಬ್ಬರು ನಮ್ಮ ರಾತ್ರಿಗಳನ್ನು ಕಂಡೇ ಬರೆದಂತಿದೆ!

ಸಂತ ಥಾಮಸ್ ಅಕ್ವಿನಾಸರು ಈ ಗಂಟನ್ನು ಬಿಡಿಸಿ ನೋಡುತ್ತಾರೆ. ತಿಳಿಯುವ ಹಂಬಲ ಕೆಟ್ಟದ್ದಲ್ಲ. ಅದು ದೇವರೇ ಮನುಷ್ಯನಲ್ಲಿ ಇಟ್ಟದ್ದು. ಆ ಹಂಬಲವನ್ನು ಹದದಲ್ಲಿಟ್ಟು ತಕ್ಕ ಗುರಿಯತ್ತ ನಡೆಸುವುದನ್ನು ಅವರು ಸದ್ಗುಣವೆಂದರು. ಗುರಿಯಿಲ್ಲದೆ, ಮಾಡಬೇಕಾದ ಕರ್ತವ್ಯವನ್ನು ಮರೆಸುವಂತೆ ಅದು ಹರಿದಾಡಿದರೆ ದೋಷವೆಂದರು. ಅವರ ಅಳತೆಗೋಲಿನಿಂದ ನೋಡಿದಾಗ, ನಾನು ಹಡಗಿನ ಚಿತ್ರ ಹುಡುಕಿದ್ದರಲ್ಲಿ ತಪ್ಪಿರಲಿಲ್ಲ. ನೆರೆಯವರ ಬಾಗಿಲಿಗೆ ಹೋಗಬೇಕಾದ ಕಾಲು ಕುರ್ಚಿಯಲ್ಲೇ ಉಳಿದದ್ದು ತಪ್ಪು.

ಹಾಗಾದರೆ ಕೂಡಲೇ ಉಪಯೋಗಕ್ಕೆ ಬಾರದ ಯಾವುದನ್ನೂ ಕೂಡಿಡಬಾರದೆಂದು ಅರ್ಥವೇ? ಖಂಡಿತ ಅಲ್ಲ. ನಮ್ಮ ಮಣಿಪಾಲದಲ್ಲಿಯೇ ಇದಕ್ಕೆ ಉತ್ತರವಿದೆ. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಜನ ಕೆಡವಿ ಎಸೆಯುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಒಟ್ಟುಗೂಡಿಸತೊಡಗಿದರು. ಇಡೀ ಮನೆಗಳನ್ನೇ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ಹಳೆಯ ಮರಮಟ್ಟನ್ನು ಕೂಡಿಹಾಕುವ ಆ ಕೆಲಸ ಹಲವರಿಗೆ ಹುಚ್ಚೆನಿಸಿದ್ದರೆ ಆಶ್ಚರ್ಯವಿಲ್ಲ. ಅವರು 2017ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಉಳಿಯಿತು. ಅಜ್ಜ ಅಜ್ಜಿಯರು ಬಾಳಿದ ಬಗೆಯನ್ನು ಮೊಮ್ಮಕ್ಕಳು ಅಲ್ಲಿ ಕಣ್ಣಾರೆ ಕಾಣಬಹುದು.

ಇನ್ನೊಂದು ಉದಾಹರಣೆ ಅಂತರ್ಜಾಲದ್ದೇ. ವಿ. ಕೃಷ್ಣ ಎಂಬವರು ನಾಲ್ಕು ದಶಕಗಳಷ್ಟು ಕಾಲ ಒಬ್ಬರೇ ಕನ್ನಡ ಪದಗಳನ್ನೂ ಅವುಗಳ ಇಂಗ್ಲಿಷ್ ಅರ್ಥಗಳನ್ನೂ ಕೂಡಿಸುತ್ತ ಬಂದರು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳು! 2019ರಲ್ಲಿ ಅದು ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಅಂತರ್ಜಾಲದಲ್ಲಿ ತೆರೆದುಕೊಂಡಿತು. ಬೇರೆಯವರೂ ಬಳಸಿ ಬೆಳೆಸಬಹುದು ಎಂಬ ಅನುಮತಿಯೊಡನೆ ಅದನ್ನು ಕೊಟ್ಟರು. ಪರದೇಶದಲ್ಲಿ ಬೆಳೆಯುವ ಕನ್ನಡದ ಮಗುವೊಂದು ಈ ಹೊತ್ತಿನಲ್ಲಿ ಅಲ್ಲಿ ಒಂದು ಪದವನ್ನು ಹುಡುಕುತ್ತಿರಬಹುದು.

ನಮ್ಮ ಧರ್ಮಸಭೆ 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿಸಿದ ಕಾರ್ಲೊ ಅಕ್ಯುಟಿಸ್‌ನನ್ನೂ ಇಲ್ಲಿ ನೆನೆಯಬೇಕು. 1991ರಲ್ಲಿ ಹುಟ್ಟಿ 2006ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ. ಕಂಪ್ಯೂಟರೆಂದರೆ ಪ್ರಾಣ. ಆದರೂ ವಿಡಿಯೋ ಆಟಕ್ಕೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ. ಪರಮಪ್ರಸಾದದ ಅದ್ಭುತಗಳ ವಿವರಗಳನ್ನು ವರ್ಷಗಟ್ಟಲೆ ಕಲೆಹಾಕಿ, ಜೋಡಿಸಿ, ಲೋಕದ ಮುಂದೆ ಇಟ್ಟ. ಅವನೂ ನಮ್ಮಂತೆ ಹುಡುಕಿದ, ಉಳಿಸಿದ. ಆದರೆ ಅವನ ಮನಸ್ಸಿನಲ್ಲಿ ಮೊದಲಿನಿಂದಲೂ ಓದುವವನೊಬ್ಬ ಇದ್ದ.

ವಿಮೋಚನಕಾಂಡದ ಹದಿನಾರನೆಯ ಅಧ್ಯಾಯವನ್ನು ಒಮ್ಮೆ ಓದಿ ನೋಡಿ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನ ದೊರೆಯಿತು. ದಿನದ ಪಾಲನ್ನು ಮರುದಿನಕ್ಕೆ ಉಳಿಸಿದವರ ಪಾತ್ರೆಯಲ್ಲಿ ಹುಳ ಬಿದ್ದು ನಾತ ಬಂತು. ಸಬ್ಬತ್ತಿಗೆಂದು ಹಿಂದಿನ ದಿನ ಉಳಿಸಿದ್ದು ಕೆಡಲಿಲ್ಲ. ಒಂದು ಪಾತ್ರೆಯಷ್ಟು ಮನ್ನವನ್ನು ಮುಂದಿನ ತಲೆಮಾರುಗಳು ಕಾಣಲೆಂದು ಜೋಪಾನವಾಗಿ ಇಡಲು ದೇವರೇ ಹೇಳಿದರು. ಒಂದೇ ಮನ್ನ, ಒಂದು ಇಂದಿಗೆ, ಒಂದು ಹಬ್ಬಕ್ಕೆ, ಒಂದು ಮೊಮ್ಮಕ್ಕಳಿಗೆ.

ನಮ್ಮ ಮನೆಗಳಲ್ಲಿಯೂ ಈ ವಿವೇಕವಿಲ್ಲವೇ? ಬೇಸಿಗೆಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ ಮಳೆಗಾಲಕ್ಕೆ ಬರುತ್ತದೆ. ಮಲ್ಲಿಗೆಯನ್ನು ಯಾರೂ ಉಪ್ಪಿಗೆ ಹಾಕುವುದಿಲ್ಲ. ಯಾವುದು ಸೊಳೆ, ಯಾವುದು ಮಲ್ಲಿಗೆ ಎಂದು ಗುರುತಿಸುವುದೇ ಕೂಡಿಡುವವನ ಜಾಣತನ. ಪದಕೋಶ ನಲವತ್ತು ವರ್ಷ ಕಾಯಬಲ್ಲದು. ಎಂಬತ್ತು ದಾಟಿದ ಹಿರಿಯರಿಗೆ ತೋರಿಸಬೇಕಾದ ಚಿತ್ರ ಮುಂದಿನ ಭಾನುವಾರದವರೆಗೂ ಕಾಯಲಾರದು.

ಉಳಿಸಿಟ್ಟದ್ದು ಎಲ್ಲಿಗೂ ಹೋಗದು ಎಂಬ ಭ್ರಮೆಯೂ ಬೇಡ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಅಂತರ್ಜಾಲ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳಲ್ಲಿ ಕಾಣೆಯಾಗಿದ್ದವು. ನಾವು ಗುರುತು ಹಾಕಿಟ್ಟುಕೊಂಡ ಅನೇಕ ವಿಳಾಸಗಳಲ್ಲಿ ಈಗ ಯಾರೂ ವಾಸವಿಲ್ಲ! ಹೊಸ ಕಣಜ ಕಟ್ಟಿ ತುಂಬಿಸಲು ಯೋಚಿಸಿದ ಆ ರಾತ್ರಿಯೇ ಪ್ರಾಣ ಬಿಟ್ಟ ಧನಿಕನ ಸಾಮತಿಯನ್ನು ಸಂತ ಲೂಕರ ಶುಭಸಂದೇಶದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅವನಿಗೆ ಬೆಳೆ ಬಂದದ್ದು ದೋಷವಾಗಿರಲಿಲ್ಲ. ಅವನ ಯೋಜನೆಯಲ್ಲಿ ತನ್ನ ಹೊರತು ಇನ್ನೊಬ್ಬ ಮನುಷ್ಯನಿರಲಿಲ್ಲ. ಅದೇ ಯೇಸುಸ್ವಾಮಿ ಸಂತ ಮತ್ತಾಯರ ಶುಭಸಂದೇಶದಲ್ಲಿ ಇನ್ನೊಬ್ಬ ಮನೆಯೊಡೆಯನನ್ನು ಮೆಚ್ಚುತ್ತಾರೆ. ತನ್ನ ಭಂಡಾರದಿಂದ ಹೊಸದನ್ನೂ ಹಳೆಯದನ್ನೂ ಹೊರಗೆ ತರುವವನು ಅವನು. ಹೊರಗೆ ತರುವವನು ಎಂಬುದನ್ನು ಗಮನಿಸೋಣ.

ಈಗಲೂ ನಾನು ರಾತ್ರಿ ಅಲೆಯುತ್ತೇನೆ. ಎಲ್ಲವೂ ಉಪಯೋಗಕ್ಕೇ ಬರಬೇಕೆಂಬ ಹಟವಿಲ್ಲ. ದೇವರ ಸೃಷ್ಟಿಯನ್ನು ಕಂಡು ಬೆರಗಾಗುವುದೂ ಒಂದು ಸ್ತುತಿಯೇ. ಆದರೆ ಏನನ್ನಾದರೂ ಉಳಿಸುವ ಮೊದಲು ಅಮ್ಮನ ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ. ಉತ್ತರವಾಗಿ ಒಬ್ಬರ ಹೆಸರು ಹೊಳೆದರೆ ಅದನ್ನು ಪಕ್ಕದಲ್ಲೇ ಬರೆಯುತ್ತೇನೆ. ಬೆಳಗಾದ ಮೇಲೆ ಆ ಹೆಸರಿನವರಿಗೆ ಅದನ್ನು ಮುಟ್ಟಿಸುತ್ತೇನೆ. ಯಾವ ಹೆಸರೂ ಹೊಳೆಯದಿದ್ದರೆ ನೋಡಿ, ಸಂತೋಷಪಟ್ಟು, ಅಲ್ಲಿಯೇ ಬಿಟ್ಟುಬಿಡುತ್ತೇನೆ. ನೀವೂ ಇಂದು ರಾತ್ರಿ ನಿಮ್ಮ ಮೊಬೈಲಿನ ಸಂಗ್ರಹವನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಯಾರದೋ ಪಾಲಿನ ಮಲ್ಲಿಗೆ ಬಾಡುತ್ತಿರಬಹುದು.

ಬಾಪ್ಪು ತೀರಿಕೊಂಡ ತಿಂಗಳ ಪೂಜೆಯ ದಿನ ಆ ಹಡಗಿನ ಚಿತ್ರವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಅವರ ಮನೆಗೆ ಕೊಂಡುಹೋದೆ. ತಡವಾದದ್ದಕ್ಕೆ ಕ್ಷಮೆ ಕೇಳಿದೆ. ಮಾವ್ಶಿ ಸೆರಗಿನಲ್ಲಿ ಗಾಜು ಒರೆಸಿ ಬಹಳ ಹೊತ್ತು ನೋಡಿದರು. “ಇಷ್ಟು ದೊಡ್ಡದಿತ್ತೇ? ನಾನು ಸಣ್ಣ ದೋಣಿಯೆಂದು ತಿಳಿದು ವರ್ಷಗಟ್ಟಲೆ ಹೆದರಿ ಜಪಸರ ಮಾಡಿದ್ದೆ” ಎಂದರು. ಚಿತ್ರ ಈಗ ಅವರ ಮನೆಯ ಆಲ್ತಾರಿನ ಪಕ್ಕದಲ್ಲಿದೆ. ಅದರ ಮುಂದೆ ದಿನವೂ ಒಂದು ತುಂಡು ಮಲ್ಲಿಗೆ ಇರುತ್ತದೆ, ಅಂದಂದಿನದು.