ಮಿನಾರ್‌ಗಳ ಪಕ್ಕದ ಗೋಪುರ



ಮಸೀದಿಯ ಚಿತ್ರವಿರುವ ಕ್ಯಾಲೆಂಡರ್ ನಮ್ಮ ಅನೇಕ ಮನೆಗಳ ಗೋಡೆಯ ಮೇಲಿದೆ. ಗುಮ್ಮಟ, ಮಿನಾರ್, ನೀಲಿ ಆಕಾಶ, ಅಷ್ಟೆ. ಸುತ್ತ ಯಾರ ಮನೆಯೂ ಕಾಣುವುದಿಲ್ಲ. ಶ್ರೀರಂಗಪಟ್ಟಣದ ಹಳೆಯ ಚಿತ್ರಗಳು ಹಾಗಲ್ಲ. 1792ರಲ್ಲಿ ಕಾರ್ನ್‌ವಾಲಿಸನ ಸೇನೆಯೊಂದಿಗೆ ಬಂದ ರಾಬರ್ಟ್ ಹೋಮ್ ಮೊದಲಾದವರು ಆ ಪಟ್ಟಣವನ್ನು ದೂರದಿಂದ ಚಿತ್ರಿಸಿದರು. ಆ ಕಾಲದ ಚಿತ್ರಗಳಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಸ್ಜಿದೆ ಆಲಾದ ಜೋಡಿ ಮಿನಾರ್‌ಗಳೂ ಶ್ರೀರಂಗನಾಥ ದೇವಾಲಯದ ಗೋಪುರವೂ ಒಂದೇ ಕೋಟೆಯ ಮೇಲೆ ಎದ್ದು ಕಾಣುತ್ತವೆ. ಚಿತ್ರಕಾರರು ಬಂದದ್ದು ಫಿರಂಗಿಗಳ ಹಿಂದೆ, ನಮ್ಮ ಮೇಲಿನ ಪ್ರೀತಿಯಿಂದಲ್ಲ. ಆದರೂ ಕಂಡದ್ದನ್ನು ಕಂಡಂತೆ ಬರೆದರು.

1799ರ ಮೇ 4ರಂದು ಕೋಟೆ ಬಿತ್ತು. ಮುಂದೆ ಲಾಲ್ ಮಹಲ್ ಅರಮನೆಯನ್ನು ಕೆಡವಲಾಯಿತು. ಅದರ ಮರಮುಟ್ಟು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋಯಿತು. ರಾಜಧಾನಿ ಮೈಸೂರಿಗೆ ಹೋಯಿತು, ಜನ ಚದುರಿದರು. ಮಸೀದಿ ಉಳಿಯಿತು, ದೇವಾಲಯವೂ ಉಳಿಯಿತು. ನಡುವಿನ ನೆರೆಹೊರೆ ಉಳಿಯಲಿಲ್ಲ.

ಮಲ್ಲಿಪಟ್ಟಣ, ಅರಕಲಗೂಡು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಚರ್ಚನ್ನು ನೋಡಿದ್ದೀರಿ. ಗೋಡೆಗಳಿವೆ, ಅಲ್ಲಿ ಪ್ರಾರ್ಥಿಸುತ್ತಿದ್ದ ಊರಿಲ್ಲ.

ಪವಿತ್ರ ಕುರ್‌ಆನಿನ ಸೂರಃ ಅಲ್ ಹಜ್ಜ್‌ನ 40ನೇ ಸೂಕ್ತವನ್ನು ಓದಿ ನೋಡಿರಿ. ಅಲ್ಲಾಹನು ಜನರಲ್ಲಿ ಕೆಲವರನ್ನು ಕೆಲವರ ಮೂಲಕ ತಡೆಯದಿರುತ್ತಿದ್ದರೆ ನೆಲಸಮವಾಗುತ್ತಿದ್ದ ಆರಾಧನಾಲಯಗಳ ಹೆಸರು ಅಲ್ಲಿ ಬರುತ್ತದೆ. ಸನ್ಯಾಸಿಗಳ ಮಠ, ಕ್ರೈಸ್ತರ ಇಗರ್ಜಿ, ಯಹೂದಿಯರ ಪ್ರಾರ್ಥನಾಲಯ, ಕೊನೆಯಲ್ಲಿ ಮಸೀದಿ. ನಮ್ಮದನ್ನು ಕಡೆಗೆ ಹೇಳಿದ ಈ ಕ್ರಮ ನನ್ನನ್ನು ಬಹಳ ಸಲ ತಡೆದು ನಿಲ್ಲಿಸಿದೆ. ನೆರೆಯವನ ಹಕ್ಕಿನ ಕುರಿತು ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳಿದರೆಂದರೆ, ಆತನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತ್ತು. ಇದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್.

ಹಾಗೆಂದು ಹಳೆಯ ಪಟ್ಟಣವನ್ನು ಸ್ವರ್ಗವೆಂದು ಬಣ್ಣಿಸುವುದೂ ನ್ಯಾಯವಲ್ಲ. ರಂಗನಾಥ ದೇವಾಲಯಕ್ಕೆ ಸುಲ್ತಾನರು ಕೊಟ್ಟ ಬೆಳ್ಳಿಯ ಪಾತ್ರೆಗಳನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ನೆನೆಯುತ್ತೇವೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಇದೇ ಪಟ್ಟಣಕ್ಕೆ ನಡೆಸಿಕೊಂಡು ಬಂದದ್ದನ್ನು ನೆನೆಯುವುದಿಲ್ಲ. ಎರಡೂ ನಡೆದದ್ದೇ. ನ್ಯಾಯಕ್ಕಾಗಿ ಸ್ವತಃ ನಮ್ಮ ವಿರುದ್ಧವೂ ಸಾಕ್ಷಿ ಹೇಳಬೇಕೆಂಬ ಆದೇಶ ಸೂರಃ ಅನ್ನಿಸಾದಲ್ಲಿದೆ.

2022ರಲ್ಲಿ ಈ ಮಸೀದಿಯ ಕುರಿತೂ ವಿವಾದ ಎದ್ದಿತು. ದಾಖಲೆಗಳನ್ನು ನ್ಯಾಯಾಲಯಕ್ಕೆ ಒಪ್ಪಿಸುವವರು ಒಪ್ಪಿಸಲಿ. ಆದರೆ ನಮ್ಮ ಮನೆಗಳಲ್ಲಿ ಆಗಬೇಕಾದ ಕೆಲಸವೊಂದಿದೆ. ಮಕ್ಕಳಿಗೆ ಆ ಹಳೆಯ ಚಿತ್ರ ತೋರಿಸುವಾಗ ಮಿನಾರ್‌ಗಳ ಜೊತೆಗೆ ಗೋಪುರವನ್ನೂ ಬೆರಳಿಟ್ಟು ತೋರಿಸಿರಿ. ನಡುವೆ ಯಾರಿದ್ದರೆಂದು ಅವರು ಕೇಳಿದರೆ ಹೇಳಿರಿ: ಸುಲ್ತಾನರ ಹಣಕಾಸು ನೋಡಿಕೊಳ್ಳುತ್ತಿದ್ದ ಪೂರ್ಣಯ್ಯನವರು, ಶಿರಾದಿಂದ ತಂದು ಗಂಜಾಮಿನಲ್ಲಿ ನೆಲೆಗೊಳಿಸಿದ ಕುಟುಂಬಗಳು, ಊರಿಗೆ ಮರಳುವ ದಿನ ಎಣಿಸುತ್ತಿದ್ದ ಕರಾವಳಿಯ ಸೆರೆಯಾಳುಗಳು.