ಸಾಕು ಎನ್ನುವವರು ಯಾರು?

ಎಣ್ಣೆ ದೀಪದ ಕಾಲದಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ‘ದೀಪ ಆರಿಸು’ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ದೀಪ ಶಾಂತ ಮಾಡು’ ಎನ್ನುತ್ತಿದ್ದರು. ಆ ಮಾತಿನಲ್ಲಿ ಅಮಂಗಳದ ಅಂಜಿಕೆಯ ಜೊತೆಗೆ ಇನ್ನೊಂದು ಭಾವವೂ ಇತ್ತು. ದೀಪವೆಂದರೆ ಯಾರೋ ಹಚ್ಚಿದ್ದು, ಯಾರೋ ನೋಡಿಕೊಳ್ಳಬೇಕಾದದ್ದು, ಹೊತ್ತು ಮುಗಿದ ಮೇಲೆ ಯಾರೋ ಮರ್ಯಾದೆಯಿಂದ ಬೀಳ್ಕೊಡಬೇಕಾದದ್ದು. ಭರಣಿಯಲ್ಲಿ ಎಷ್ಟು ಎಣ್ಣೆ ಉಳಿದಿದೆ ಎಂಬುದು ಮನೆಯ ಯಜಮಾನಿಗೆ ಗೊತ್ತಿತ್ತು. ಬೆಳಕಿಗೂ ಅದರ ಬೆಲೆಗೂ ನಡುವೆ ಒಂದು ಗೇಣಿನ ದೂರವೂ ಇರಲಿಲ್ಲ.

ಇಂದಿನ ದೊಡ್ಡ ಕಟ್ಟಡಗಳಲ್ಲಿ ದೀಪ ಹಚ್ಚುವವರೂ ಇಲ್ಲ, ಆರಿಸುವವರೂ ಇಲ್ಲ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಚಾವಣಿಯಲ್ಲಿರುವ ಒಂದು ಪುಟ್ಟ ಸಾಧನ ನಮ್ಮ ಚಲನೆಯನ್ನು ಗುರುತಿಸಿ ದೀಪವನ್ನು ಬೆಳಗಿಸುತ್ತದೆ. ನಾವು ಹೊರಟು ಹೋದ ಸ್ವಲ್ಪ ಹೊತ್ತಿನ ಮೇಲೆ ತಾನೇ ಆರಿಸುತ್ತದೆ. ಅಲುಗಾಡದೆ ಕುಳಿತು ಓದುತ್ತಿರುವವನನ್ನು ಅದು ಇಲ್ಲವೆಂದೇ ಎಣಿಸಿ ಕತ್ತಲೆಯಲ್ಲಿ ಬಿಡುವುದೂ ಉಂಟು. ಆಗ ಆ ಪುಣ್ಯಾತ್ಮ ತಾನಿನ್ನೂ ಇದ್ದೇನೆಂದು ಸಾಬೀತುಪಡಿಸಲು ಎರಡು ಕೈಗಳನ್ನೂ ಗಾಳಿಯಲ್ಲಿ ಬೀಸಬೇಕಾಗುತ್ತದೆ. ಈ ನಗೆಯ ಮಾತು ಹಾಗಿರಲಿ. ವಿಚಾರಮಾಡಬೇಕಾದ ಪ್ರಶ್ನೆ ಬೇರೆ ಇದೆ. ಹೀಗೆ ಉಳಿದ ವಿದ್ಯುತ್ತು ಯಾರ ಮಿತವ್ಯಯದ ಫಲ? ಮಿತವ್ಯಯವನ್ನು ಒಂದು ಸದ್ಗುಣವೆಂದು ನಮ್ಮ ಹಿಂದಿನವರು ಎಣಿಸಿದರು. ಆ ಗುಣವನ್ನು ಯಂತ್ರದ ಕೈಗೆ ಒಪ್ಪಿಸಿದ ಮೇಲೆ ನಮ್ಮ ಪಾಲಿಗೆ ಉಳಿಯುವುದೇನು?

ಇಂಥ ಯಂತ್ರಗಳ ವಂಶಾವಳಿಯನ್ನು ಹುಡುಕುತ್ತ ಹೋದರೆ ಒಂದು ತರಗತಿಯ ಕೋಣೆಗೆ ಬಂದು ಮುಟ್ಟುತ್ತೇವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ, ಉಪಾಧ್ಯಾಯರನ್ನು ತರಬೇತು ಮಾಡುವ ಶಾಲೆಯಲ್ಲಿ, ವಾರನ್ ಜಾನ್ಸನ್ ಎಂಬುವರು ಪ್ರಾಧ್ಯಾಪಕರಾಗಿದ್ದರು. ಅದು ಚಳಿಯ ಸೀಮೆ. ನೆಲಮಾಳಿಗೆಯಲ್ಲಿ ಉರಿಯುವ ಒಲೆಯಿಂದ ಕೋಣೆಗಳಿಗೆ ಶಾಖ ಬರಬೇಕು. ಕೋಣೆ ಎಷ್ಟು ಬೆಚ್ಚಗಿದೆಯೆಂದು ತಿಳಿಯಲು ಶಾಲೆಯ ಜವಾನ ಪಾಠದ ನಡುವೆ ಒಳಗೆ ಬರುವನು, ಉಷ್ಣಮಾಪಕವನ್ನು ನೋಡುವನು, ಮತ್ತೆ ಕೆಳಗಿಳಿದು ಹೋಗಿ ಶಾಖವನ್ನು ಹೆಚ್ಚುಕಡಿಮೆ ಮಾಡುವನು. ಇದರಿಂದ ಪಾಠ ಕೆಡುತ್ತಿತ್ತು. ಜಾನ್ಸನ್ನರು ಒಂದು ಉಪಾಯ ಹೂಡಿದರು. ಕೋಣೆಯ ಶಾಖ ಗೊತ್ತುಮಾಡಿದ ಮಟ್ಟವನ್ನು ಮೀರಿದರೆ ನೆಲಮಾಳಿಗೆಯಲ್ಲಿ ಒಂದು ವಿದ್ಯುತ್ ಗಂಟೆ ಬಾರಿಸುವಂತೆ ಮಾಡಿ, 1883ರಲ್ಲಿ ಆ ಸಾಧನಕ್ಕೆ ಪೇಟೆಂಟ್ ಪಡೆದರು.

ಈ ಮೊದಲ ಹೆಜ್ಜೆಯನ್ನು ಗಮನಿಸಬೇಕು. ಗಂಟೆ ಬಾರಿಸುತ್ತಿದ್ದುದು ಯಂತ್ರ. ಅದನ್ನು ಕೇಳಿ ಎದ್ದು ಕೆಲಸ ಮಾಡುತ್ತಿದ್ದವನು ಮನುಷ್ಯ. ಯಂತ್ರ ಅವನ ಓಡಾಟವನ್ನಷ್ಟೇ ತಪ್ಪಿಸಿತು. ಎರಡನೆಯ ಹೆಜ್ಜೆ ಮುಂದೆ ಬಂದಿತು. 1895ರಲ್ಲಿ ಜಾನ್ಸನ್ನರು ಒತ್ತಿದ ಗಾಳಿಯ ಬಲದಿಂದ ಕವಾಟಗಳನ್ನು ತಾನಾಗಿಯೇ ತೆರೆದು ಮುಚ್ಚುವ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಅಲ್ಲಿಂದ ಮುಂದೆ ಗಂಟೆಯೂ ಬೇಕಿಲ್ಲ, ಜವಾನನೂ ಬೇಕಿಲ್ಲ. ಅಳೆ, ಹೋಲಿಸು, ತಿದ್ದು: ಈ ಮೂರು ಕೆಲಸಗಳನ್ನು ಬೇಸರವಿಲ್ಲದೆ ಹಗಲಿರುಳೂ ಮಾಡುತ್ತ ಇರುವುದೇ ಯಂತ್ರದ ಕಸುಬಾಯಿತು. ಇಂದಿನ ಗಣಕಯಂತ್ರಗಳು ಸಾವಿರ ಕೋಣೆಗಳ ಕಟ್ಟಡವೊಂದನ್ನು ಆಳುವುದೂ ಇದೇ ಮೂರು ಮಾತಿನ ಬಲದಿಂದ.

ಈ ಕಸುಬಿನ ಗುಣವನ್ನು ಅಲ್ಲಗಳೆಯುವಂತಿಲ್ಲ. ಗಾಳಿ ನೂಕುವ ದೊಡ್ಡ ಫ್ಯಾನುಗಳ ವಿಷಯವನ್ನೇ ತೆಗೆದುಕೊಳ್ಳಿ. ಫ್ಯಾನಿಗೆ ಬೇಕಾಗುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಏರಿಳಿಯುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಎಂದರೆ, ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೆ ವಿದ್ಯುತ್ತಿನ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಭಾಂಗಣದಲ್ಲಿ ಎಷ್ಟು ಜನ ಉಸಿರಾಡುತ್ತಿದ್ದಾರೆಂಬುದನ್ನು ಅಲ್ಲಿಯ ಇಂಗಾಲದ ಡೈಆಕ್ಸೈಡನ್ನು ಅಳೆದು ಅಂದಾಜು ಮಾಡಿ, ಅಷ್ಟು ಜನಕ್ಕೆ ತಕ್ಕಷ್ಟು ಹೊರಗಾಳಿಯನ್ನು ಮಾತ್ರ ಒಳಗೆ ಬಿಡುವ ಏರ್ಪಾಡು ಇದೆ. ಗಳಿಗೆ ಗಳಿಗೆಗೂ ಇಷ್ಟು ಎಚ್ಚರವಾಗಿರುವುದು ಯಾವ ಮನುಷ್ಯನಿಂದಲೂ ಆಗದ ಮಾತು.

ಇಲ್ಲಿ ನೀತಿವಾದಿಯೊಬ್ಬ ಎದ್ದು ನಿಂತು ಆಕ್ಷೇಪಿಸಬಹುದು: “ಸದ್ಗುಣವೆಂಬುದು ಅಭ್ಯಾಸದಿಂದ ಬರುವಂಥದು. ಕೋಣೆಯಿಂದ ಹೊರಡುವಾಗ ಕೈ ತಾನಾಗಿ ಗುಂಡಿಯ ಕಡೆಗೆ ಹೋಗುವ ಮಗು, ನಾಳೆ ನೀರಿನ ವಿಷಯದಲ್ಲೂ ಅನ್ನದ ವಿಷಯದಲ್ಲೂ ಹಿತಮಿತವನ್ನು ಅರಿಯುತ್ತದೆ. ಎಲ್ಲವನ್ನೂ ಯಂತ್ರವೇ ಮಾಡಿದರೆ ಮಗುವಿಗೆ ಆ ಪಾಠ ಎಲ್ಲಿಂದ ಬರಬೇಕು?” ಈ ಮಾತಿನಲ್ಲಿ ತೂಕವಿದೆ. ಆದರೆ ಇದಕ್ಕೆ ಎದುರಾಗಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು.

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಮೊದಲು ಬೆಳಗಿದ್ದು 1905ರಲ್ಲಿ, ಶಿವನಸಮುದ್ರದಿಂದ ಬಂದ ಕಾವೇರಿಯ ಶಕ್ತಿಯಿಂದ. ಆಮೇಲೆ ಶರಾವತಿಯ ಸರದಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಮಲೆನಾಡಿನ ಎಷ್ಟೋ ಹಳ್ಳಿಗಳು, ಗದ್ದೆ ತೋಟಗಳು, ದೇವಸ್ಥಾನಗಳು ನೀರಿನ ಕೆಳಗೆ ಹೋದವು. ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಹೊರಟವು. ಅವರಲ್ಲಿ ಅನೇಕರ ಜಮೀನಿನ ಹಕ್ಕುಪತ್ರದ ತಕರಾರು ಅರ್ಧ ಶತಮಾನ ಕಳೆದರೂ ಬಗೆಹರಿಯಲಿಲ್ಲ. 1985ರಿಂದ ರಾಯಚೂರಿನಲ್ಲಿ ಕಲ್ಲಿದ್ದಲಿನ ವಿದ್ಯುದಾಗಾರ ಉರಿಯತೊಡಗಿತು. ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ. ಅದು ರೈಲಿನಲ್ಲಿ ಹೊರಗಿನಿಂದ ಬರಬೇಕು. ಉರಿದ ಮೇಲೆ ಉಳಿಯುವ ಬೂದಿ ಮಾತ್ರ ಅಲ್ಲಿಯ ಜನರ ಪಾಲು.

ನಗರದ ಕಚೇರಿಯೊಂದರಲ್ಲಿ ಯಾರೂ ಇಲ್ಲದ ಕೋಣೆಯನ್ನು ರಾತ್ರಿಯೆಲ್ಲ ತಂಪುಮಾಡುವ ಯಂತ್ರದ ಹಿಂದೆ ಈ ಎಲ್ಲವೂ ಇವೆ. ಹೀಗಿರುವಾಗ, ಉಳಿದ ಒಂದು ಯೂನಿಟ್ ವಿದ್ಯುತ್ತು ಸದ್ಗುಣಿಯ ಕೈಯಿಂದ ಉಳಿಯಿತೋ ಸೋಮಾರಿಯ ಗೋಡೆಯ ಮೇಲಿನ ಯಂತ್ರದಿಂದ ಉಳಿಯಿತೋ ಎಂಬುದು, ಮುಂದೆ ಮುಳುಗಬಹುದಾದ ಹೊಲದ ಒಡೆಯನಿಗೆ ಮುಖ್ಯವೆ? ನಮ್ಮ ಮನಸ್ಸು ಶುದ್ಧಿಯಾಗುವ ತನಕ ಅವನು ಕಾಯುತ್ತಿರಬೇಕೆನ್ನುವುದು ನೀತಿಯ ಹೆಸರಿನಲ್ಲಿ ಮಾಡುವ ಸ್ವಾರ್ಥ. ಕೈಯಿಂದ ಆಗಬೇಕಾದ ಉಳಿತಾಯವನ್ನು ಯಂತ್ರ ಮಾಡಿಕೊಡುವುದಾದರೆ ಮಾಡಲಿ. ಇಷ್ಟನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಕೈಯ ಕೆಲಸದೊಂದಿಗೆ ಇನ್ನೊಂದು ಕೆಲಸವೂ ನಮಗೆ ತಿಳಿಯದಂತೆ ಜಾರಿಹೋಗುತ್ತಿದೆ. ಯಂತ್ರಕ್ಕೆ ‘ಎಷ್ಟು’ ಎಂಬುದು ಗೊತ್ತು; ‘ಸಾಕು’ ಎಂಬುದು ಗೊತ್ತಿಲ್ಲ. ಅಳೆದು ಹೋಲಿಸುವ ಯಂತ್ರಕ್ಕೆ ಯಾವುದರೊಡನೆ ಹೋಲಿಸಬೇಕೆಂಬ ಅಂಕಿಯನ್ನು ಮನುಷ್ಯನೇ ಕೊಡಬೇಕು. 24 ಎಂದರೆ 24ನ್ನು ಕಾಯುತ್ತದೆ. 18 ಎಂದರೆ 18ನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅದಕ್ಕೆ ಕಲಿಸಲಾಗದು. ಕಾಲು ಎಷ್ಟು ಉದ್ದ ಬೆಳೆದರೂ ಅದಕ್ಕೆ ತಕ್ಕ ಹಾಸಿಗೆಯನ್ನು ಅತ್ಯಂತ ಮಿತವ್ಯಯದಿಂದ ಹೊಲಿದುಕೊಡುವುದು ಅದರ ಧರ್ಮ.

ಬೆಂಗಳೂರನ್ನೇ ನೋಡಿ. ಈ ಊರಿನ ವರ್ಷದ ಸರಾಸರಿ ತಾಪಮಾನ 24 ಡಿಗ್ರಿಯ ಆಸುಪಾಸಿನಲ್ಲಿದೆ. ಅಂಥ ಊರಿನಲ್ಲಿ ನಾಲ್ಕು ಕಡೆಗೂ ಗಾಜು ಮುಚ್ಚಿ, ಬಿಸಿಲನ್ನು ಒಳಗೆ ಬಿಟ್ಟುಕೊಂಡು, ತೆರೆಯಲಾಗದ ಕಿಟಕಿಗಳನ್ನಿಟ್ಟು, ಆಮೇಲೆ ಬಹಳ ಜಾಣತನದ ಯಂತ್ರವೊಂದನ್ನು ತಂದು ಒಳಗೆ 24 ಡಿಗ್ರಿಯನ್ನು ತಯಾರಿಸುತ್ತೇವೆ! ವರ್ಷದ ಎಷ್ಟೋ ದಿನ ಕಿಟಕಿಯ ಹೊರಗೆ ಬಿಟ್ಟಿಯಾಗಿ ನಿಂತಿರುವುದನ್ನೇ ಒಳಗೆ ದುಡ್ಡು ಕೊಟ್ಟು ಮಾಡಿಕೊಳ್ಳುವುದು. ಯಂತ್ರ ನೂರರಲ್ಲಿ ಇಪ್ಪತ್ತು ಪಾಲು ಉಳಿಸಿತೆಂದು ಹಿಗ್ಗುವ ಮೊದಲು ಉಳಿದ ಎಂಬತ್ತು ಪಾಲು ಬೇಕಾಗಿತ್ತೆ ಎಂದು ಕೇಳುವವರು ಬೇಕು. ಅದೇ ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಟ್ಟಡವಿದೆ. ಅದರ ದಕ್ಷಿಣದ ಗೋಡೆಗೆ ಕಪ್ಪು ಕಲ್ಲು ಹೊದಿಸಿದ್ದಾರೆ. ಬಿಸಿಲಿಗೆ ಕಲ್ಲು ಕಾಯ್ದು, ಅಲ್ಲಿಯ ಗಾಳಿ ಬಿಸಿಯಾಗಿ ಮೇಲೇರಿ, ಉತ್ತರದ ಕಡೆಯಿಂದ ತಂಪು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ‘ಸಾಕು’ ಎಂಬ ಮಾತನ್ನು ಆ ಕಟ್ಟಡದಲ್ಲಿ ಪಾಯ ಹಾಕುವುದಕ್ಕೆ ಮೊದಲೇ ಯಾರೋ ಆಡಿದ್ದರು.

ಉಳಿತಾಯದ ಯಂತ್ರಗಳು ಬಂದ ಮಾತ್ರಕ್ಕೆ ಖರ್ಚು ಇಳಿಯುತ್ತದೆಂಬ ಭರವಸೆಯೂ ಇಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿಯೇ ಇದನ್ನು ಕಲ್ಲಿದ್ದಲಿನ ವಿಷಯದಲ್ಲಿ ತೋರಿಸಿದ್ದ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಂತೆಲ್ಲ ಅವುಗಳ ಉಪಯೋಗ ಹರಡಿ, ಒಟ್ಟು ಕಲ್ಲಿದ್ದಲಿನ ಖರ್ಚು ಏರಿತೆಂಬುದು ಅವನ ವಾದ. ಅಗ್ಗವಾದದ್ದನ್ನು ಧಾರಾಳವಾಗಿ ಬಳಸುವುದು ಮನುಷ್ಯ ಸ್ವಭಾವ. ಅದಕ್ಕೆ ಮದ್ದು ಯಂತ್ರದಲ್ಲಿಲ್ಲ.

ಇನ್ನು, ‘ಸಾಕು’ ಎಂದು ಹೇಳುವವರು ಯಾರಿಗಾಗಿ ಹೇಳುತ್ತಾರೆ? ಡೆನ್ಮಾರ್ಕಿನ ಓಲೆ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯನಿಗೆ ಹಿತವಾದ ಶಾಖ ಎಷ್ಟೆಂದು ಕಂಡುಹಿಡಿಯುವ ಸಮೀಕರಣವಿದೆ. ಜಗತ್ತಿನ ಕಚೇರಿಗಳೆಲ್ಲ ಅದನ್ನು ನೆಚ್ಚಿಕೊಂಡವು. 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ವಿಜ್ಞಾನಿಗಳು ಒಂದು ಸಂಗತಿಯನ್ನು ಎತ್ತಿ ತೋರಿಸಿದರು: ಈ ಲೆಕ್ಕದಲ್ಲಿ ದೇಹ ಹುಟ್ಟಿಸುವ ಶಾಖಕ್ಕೆ ಬಳಸುತ್ತಿದ್ದ ಅಂಕಿ ಸಾಮಾನ್ಯ ಗಂಡಸಿನದು, ಹೆಂಗಸರ ದೇಹಕ್ಕೆ ಅದು ಹೆಚ್ಚು. ಕಚೇರಿಯಲ್ಲಿ ಶಾಲು ಹೊದ್ದು ಕೂರುವ ಹೆಣ್ಣುಮಕ್ಕಳ ದೂರು ಬರಿಯ ನಾಜೂಕಲ್ಲವೆಂದಾಯಿತು. ವಿದ್ಯುತ್ತು ಸುಟ್ಟು ಒಬ್ಬರಿಗೆ ಚಳಿ ಹಿಡಿಸುವುದನ್ನು ಸೌಕರ್ಯವೆನ್ನಬಹುದೆ?

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದುಂಟು. ಅಮೆರಿಕದ ಕೆಲವು ಕಚೇರಿಗಳ ಗೋಡೆಗಳ ಮೇಲೆ ಶಾಖವನ್ನು ಹೆಚ್ಚುಕಡಿಮೆ ಮಾಡುವ ಗುಂಡಿಗಳಿದ್ದು, ಅವು ಯಾವ ಯಂತ್ರಕ್ಕೂ ಜೋಡಿಸಿದವಲ್ಲವೆಂದು ಅಲ್ಲಿಯ ಕುಶಲಕರ್ಮಿಗಳೇ ಪತ್ರಿಕೆಗಳಿಗೆ ಹೇಳಿದ್ದುಂಟು. ಜನ ಗುಂಡಿ ತಿರುಗಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಯಂತ್ರ ತನ್ನ ಪಾಡಿಗೆ ತಾನಿರುತ್ತದೆ. ವಿದ್ಯುತ್ತೇನೋ ಉಳಿದಿರಬಹುದು. ಅತ್ತ ಮಗುವಿನ ಕೈಗೆ ಗಿಲಕಿ ಕೊಟ್ಟಂತೆ ದೊಡ್ಡವರ ಕೈಗೆ ಗುಂಡಿ ಕೊಟ್ಟದ್ದು ಮಾತ್ರ ಅವಮಾನದ ಸಂಗತಿ.

ಈ ಮೋಸ ಅನಾವಶ್ಯಕವೂ ಹೌದು. ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಜರ್ ಎಂಬ ವಿದ್ವಾಂಸರು ನಾಲ್ಕು ಖಂಡಗಳ 160 ಕಟ್ಟಡಗಳಿಂದ ಸುಮಾರು 21,000 ಅವಲೋಕನಗಳನ್ನು ಕೂಡಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾವೇ ಕಿಟಕಿ ತೆರೆದು ಮುಚ್ಚಬಹುದಾದ ಕಟ್ಟಡಗಳಲ್ಲಿ ಕುಳಿತವರು, ಮುಚ್ಚಿದ ಕಟ್ಟಡಗಳಲ್ಲಿ ಕುಳಿತವರಿಗಿಂತ ಹೆಚ್ಚಿನ ಸೆಕೆಯನ್ನೂ ಚಳಿಯನ್ನೂ ಹಿತವೆಂದೇ ಒಪ್ಪಿಕೊಂಡಿದ್ದರು. ತನ್ನ ಕೈಯಲ್ಲಿ ಅಧಿಕಾರವಿದ್ದವನು ಸ್ವಲ್ಪ ಸೆಕೆಯನ್ನು ಸೈರಿಸುತ್ತಾನೆ, ಅಧಿಕಾರವಿಲ್ಲದವನು ಗೊಣಗುತ್ತಾನೆ. ಎಂದರೆ ನಂಬಿಕೆಯೂ ಒಂದು ಬಗೆಯ ಉಳಿತಾಯವೇ ಆಯಿತು.

ಕಾನೂನಿಗೂ ಇಂಥ ನಂಬಿಕೆ ಸಾಧ್ಯವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ. 2020ರ ಜನವರಿ 1ರಿಂದ, ದಕ್ಷತೆಯ ನಕ್ಷತ್ರಗಳ ಚೀಟಿ ಹೊತ್ತು ಮಾರಾಟಕ್ಕೆ ಬರುವ ಕೋಣೆಯ ಏರ್‌ಕಂಡೀಷನರುಗಳು ತಯಾರಾಗುವಾಗಲೇ 24 ಡಿಗ್ರಿಗೆ ಹೊಂದಿಸಿರಬೇಕೆಂದು ನಿಯಮವಾಯಿತು. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಸುಮಾರು ಆರರಷ್ಟು ವಿದ್ಯುತ್ತು ಉಳಿಯುತ್ತದೆಂಬುದು ಸರ್ಕಾರದ ಲೆಕ್ಕ. ಕೊಂಡವನು ಬೇಕಾದರೆ ಅಂಕಿಯನ್ನು ಬದಲಿಸಿಕೊಳ್ಳಬಹುದು. ಈ ನಿಯಮ ಬಾಗಿಲಿಗೆ ಅಗುಳಿ ಹಾಕಲಿಲ್ಲ. ಬಾಗಿಲನ್ನು ಮುಂದೆ ಮಾಡಿತು, ಅಷ್ಟೆ. ಮನೆಯ ಹಿರಿಯರು ಹೇಳುವ ಬುದ್ಧಿಮಾತಿನಂತೆ ಅದು: ಕೇಳಬಹುದು, ಮೀರಬಹುದು, ಮೀರುವಾಗ ಮಾತ್ರ ಮೀರುತ್ತಿದ್ದೇನೆಂಬುದು ಮೀರುವವನಿಗೆ ಗೊತ್ತಿರುತ್ತದೆ.

ಹೀಗೆ ವಿಚಾರಮಾಡಿದರೆ ಕೆಲಸದ ಹಂಚಿಕೆ ಸ್ಪಷ್ಟವಾಗುತ್ತದೆ. ಕಾಯುವುದು ಯಂತ್ರದ ಪಾಲಿಗಿರಲಿ; ಮಿತಿಯನ್ನು ಗೊತ್ತುಮಾಡುವುದು ಮನುಷ್ಯರ ಪಾಲಿಗಿರಬೇಕು, ಅದೂ ಆ ಮಿತಿಯೊಳಗೆ ಬಾಳುವ ಎಲ್ಲ ಮನುಷ್ಯರ ಪಾಲಿಗೆ. ಕಟ್ಟಡದಲ್ಲಿ ಕುಳಿತು ಬರೆಯುವವರಷ್ಟೇ ಅಲ್ಲ, ಅವರು ಹೋದ ಮೇಲೆ ನೆಲ ಒರೆಸಲು ಬರುವ ಹೆಂಗಸೂ ಅಲ್ಲಿ ಇದ್ದಾಳೆ. ಏಳು ಗಂಟೆಗೆ ಗಾಳಿಯನ್ನು ನಿಲ್ಲಿಸು ಎಂದು ಯಂತ್ರಕ್ಕೆ ಹೇಳಿದವರು ಎಂಟು ಗಂಟೆಗೆ ಕಸಬರಿಕೆ ಹಿಡಿದು ಬರುವವಳನ್ನು ಕೇಳಿದ್ದರೆ? ಆಕೆಯ ಬೆವರಿನಿಂದ ಆದ ಉಳಿತಾಯವನ್ನು ವರ್ಷದ ವರದಿಯಲ್ಲಿ ಯಾರ ಹೆಸರಿಗೆ ಬರೆಯಬೇಕು?

ಇದಕ್ಕೆ ದೊಡ್ಡ ಸುಧಾರಣೆಗಳೇನೂ ಬೇಕಿಲ್ಲ. ಪ್ರತಿಯೊಂದು ಕಟ್ಟಡದ ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಲಿ. ಒಳಗೆ ಎಷ್ಟು ಡಿಗ್ರಿಗೆ ಯಂತ್ರವನ್ನು ಹೊಂದಿಸಿದೆ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಹಾಗೆಂದು ಗೊತ್ತುಮಾಡಿದವರು ಯಾರು, ಯಾರನ್ನು ಕೇಳಿ ಮಾಡಿದರು, ಕಳೆದ ತಿಂಗಳು ಎಷ್ಟು ಯೂನಿಟ್ ಖರ್ಚಾಯಿತು ಎಂಬಿಷ್ಟನ್ನು ಎಲ್ಲರೂ ಓದುವಂತೆ ಕನ್ನಡದಲ್ಲಿ ಬರೆಯಲಿ. ಹಲಗೆಯನ್ನು ಓದಿದ ಮಗುವೊಂದು ‘ಇಷ್ಟು ಯಾಕೆ ಬೇಕು?’ ಎಂದು ಕೇಳಿದರೆ, ಗುಂಡಿ ಒತ್ತಿ ಕಲಿಯಬೇಕಾಗಿದ್ದ ಪಾಠಕ್ಕಿಂತ ದೊಡ್ಡ ಪಾಠ ಅಲ್ಲಿ ಮೊದಲಾಗುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ದೊಡ್ಡವರದು. ಅದನ್ನು ಚಾವಣಿಯಲ್ಲಿರುವ ಪುಟ್ಟ ಸಾಧನಕ್ಕೆ ವಹಿಸಿಕೊಡಲು ಬರುವುದಿಲ್ಲ.